ಗುಂಡಣ್ಣನ ಏಕಾದಶಿ

ನಮ್ಮ ವಂಶದಲ್ಲಿ ಮೀನಿಗೆ ಉಪ್ಪು ಹಾಕಿದ ಮೊದಲಿಗ ನಾನೇ. ಬೇಳೆ, ಬದನೆಕಾಯಿಗಳ ಗಡಿ ದಾಟಿ ಯಾರೂ ಆಚೆ ಕಾಲಿಟ್ಟವರಲ್ಲ. ಅಂಥ ಮನೆಯ ಹಜಾರದಲ್ಲಿ ಒಂದು ಡಿಸೆಂಬರ್ ಬೆಳಿಗ್ಗೆ ನಾನು ಅಡುಗೆಮನೆಯ ತಕ್ಕಡಿ ಮುಂದಿಟ್ಟುಕೊಂಡು 100 ಗ್ರಾಂ ಕಲ್ಲುಪ್ಪು ತೂಗುತ್ತಿದ್ದಾಗ, ಪಕ್ಕದ ಮನೆಯ ಶೆಟ್ಟರು ಪೇಪರು ಕೇಳಲು ಒಳಗೆ ಬಂದರು. ಮಲ್ಪೆ ಕಡೆಯವರು. ಮೀನಿನ ತೊಟ್ಟಿ ನೋಡಿದರು. ಉಪ್ಪು ನೋಡಿದರು. ತೊಟ್ಟಿಯ ಮೇಲೆ ನಮ್ಮತ್ತೆ ಕಟ್ಟಿದ್ದ ಬೇವಿನ ಸೊಪ್ಪನ್ನೂ ಪಕ್ಕದಲ್ಲಿದ್ದ ಅರಿಶಿನದ ಡಬ್ಬಿಯನ್ನೂ ನೋಡಿದರು. “ಎಲ್ಲ ಸರಿ ಉಂಟು ಮಾರಾಯ್ರೆ. ಹುಣಸೆಹುಳಿ ಒಂದು ಬಾಕಿ. ಮೂರು ಮೀನಿಗೆ ನೀರು ಮಾತ್ರ ಸ್ವಲ್ಪ ಜಾಸ್ತಿ ಆಯ್ತು” ಎಂದು ಪೇಪರು ತೆಗೆದುಕೊಂಡು ಹೋದರು.

ಮಗಳು ಕೇಳಿದ್ದು ನಾಯಿ. ನನ್ನ ಹೆಂಡತಿ ಒಪ್ಪಿದ್ದು ಮೀನು. ಮೀನು ಬೊಗಳುವುದಿಲ್ಲ, ಸೋಫಾ ಕಚ್ಚುವುದಿಲ್ಲ, ಬೆಳಗಿನ ಐದೂವರೆಗೆ ಲೈಟುಕಂಬದ ತನಕ ಕರೆದುಕೊಂಡು ಹೋಗು ಎನ್ನುವುದಿಲ್ಲ. ಆದರೆ ಎಲ್ಲಿ ನೋವು ಎಂದೂ ಹೇಳುವುದಿಲ್ಲ ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ. ನಾಯಿಯಾದರೆ ಕುಂಯ್ ಎಂದೀತು, ಹಸುವಾದರೆ ಮೇವು ಬಿಟ್ಟೀತು. ಮೀನಿಗೆ ಸುಖದಲ್ಲೂ ದುಃಖದಲ್ಲೂ ಒಂದೇ ಮುಖ. ಬಾಯಿ ತೆರೆಯುತ್ತದೆ, ಮುಚ್ಚುತ್ತದೆ. ಹಿಂದೊಮ್ಮೆ ನಮ್ಮ ಆಫೀಸಿನಲ್ಲಿದ್ದ ಹೆಡ್‌ಕ್ಲರ್ಕು ಹೀಗೆಯೇ ಇದ್ದರು.

ತಂದದ್ದು ಮೂರು ಗೋಲ್ಡ್‌ಫಿಶ್. ದುಂಡು ಹೊಟ್ಟೆಯದಕ್ಕೆ ಮಗಳು ಗುಂಡಣ್ಣ ಎಂದು ಹೆಸರಿಟ್ಟಳು. ಬಳುಕುವ ಬಾಲದ ಸಪೂರ ದೇಹದ್ದು ಪುಟ್ಟಿ. ಕಪ್ಪಗಿದ್ದು ಕಣ್ಣು ಗುಡ್ಡೆ ಆಚೆ ಬಂದದ್ದು ಕರಿಯ. ಅಂಗಡಿಯವನು ದುಡ್ಡು ಎಣಿಸಿಕೊಳ್ಳುತ್ತ ಗೀತೋಪದೇಶ ಮಾಡಿದ: “ಏನೂ ತೊಂದ್ರೆ ಇಲ್ಲ ಸಾರ್. ವಾರಕ್ಕೊಂದ್ಸಲ ನೀರೆಲ್ಲ ಚೆಲ್ಲಿ, ಕಲ್ಲು, ಫಿಲ್ಟರು ಎಲ್ಲ ನಲ್ಲಿ ಕೆಳಗೆ ಹಿಡಿದು ಪಳಪಳ ಅನ್ನೋ ಹಾಗೆ ತೊಳೆದ್ಬಿಡಿ.” ಮೂರು ಭಾನುವಾರ ಗೌರಿಹಬ್ಬದ ಪೂಜೆಯ ಪಾತ್ರೆ ತೊಳೆಯುವಷ್ಟು ಭಕ್ತಿಯಿಂದ ತೊಳೆದೆ.

ನಾಲ್ಕನೆಯ ವಾರ ಮಗಳು ಕೂಗಿದಳು: “ಅಪ್ಪಾ, ಪುಟ್ಟಿ ರವೆ ಮೇಲೆ ಹೊರಳಾಡಿದ್ದಾಳೆ!”

ನಿಜಕ್ಕೂ ಹಾಗೆಯೇ ಇತ್ತು. ಮೈ, ರೆಕ್ಕೆ, ಬಾಲದ ತುಂಬ ಸಣ್ಣ ರವೆಯಂಥ ಬಿಳಿ ಕಾಳು. ಮೂರೂ ಮೀನುಗಳು ತಳದ ಕಲ್ಲಿಗೆ ಪಕ್ಕೆ ಉಜ್ಜಿಕೊಳ್ಳುತ್ತಿದ್ದವು, ಬೇಲಿಗೂಟಕ್ಕೆ ಮೈ ತಿಕ್ಕುವ ಎಮ್ಮೆಗಳ ಹಾಗೆ. ಅತ್ತೆ ಕನ್ನಡಕ ಏರಿಸಿ ನೋಡಿದವರೇ ಕೈ ಮುಗಿದರು. “ಅಮ್ಮ ಬಂದಿದ್ದಾಳೆ” ಎಂದರು. ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ. ಅಂದಿನಿಂದ ಹತ್ತು ದಿನ ಮೀನಿಗೆ ಬೇವಿನ ಸೊಪ್ಪು, ನಮಗೆ ಒಗ್ಗರಣೆಯಿಲ್ಲದ ಸಾರು. ಕಾಯಿಲೆ ಯಾರಿಗೆ, ಪಥ್ಯ ಯಾರಿಗೆ!

ನನ್ನ ಗೆಳೆಯನೊಬ್ಬ ಪಶುವೈದ್ಯ. ಫೋನು ಮಾಡಿದೆ. “ಹಸುವಿಗೆ ಹೆರಿಗೆ ಮಾಡಿಸಿದ್ದೀನಿ, ಆನೆಗೆ ಇಂಜೆಕ್ಷನ್ ಕೊಟ್ಟಿದ್ದೀನಿ. ಇದಕ್ಕೆ ನಾಡಿ ಎಲ್ಲಿ ಹಿಡೀಲೋ?” ಎಂದ. ಮತ್ತೆ ಅದೇ ಅಂಗಡಿಗೆ ಓಡಿದೆ. ಅವನು ಮಿಥಿಲಿನ್ ಬ್ಲೂ ಎಂಬ ಶೀಷೆ ಕೊಟ್ಟ. ಹನಿ ಲೆಕ್ಕದಲ್ಲಿ ಹಾಕಬೇಕಾದದ್ದನ್ನು, ಬೇಗ ವಾಸಿಯಾಗಲಿ ಎಂಬ ಅಕ್ಕರೆಯಿಂದ, ಮುಚ್ಚಳದ ಲೆಕ್ಕದಲ್ಲಿ ಹಾಕಿದೆ. ತೊಟ್ಟಿಯೊಳಗೆ ಕ್ಷೀರಸಾಗರವಲ್ಲ, ಶಾಯಿಸಾಗರ. ಗಾಜು ಕೂಡಿಸಿದ ಮೂಲೆಗಳ ಸಿಲಿಕೋನ್ ಇವತ್ತಿಗೂ ನೀಲಿಯಾಗಿದೆ. ನನ್ನ ಬೆರಳು ನೋಡಿ ಆಫೀಸಿನಲ್ಲಿ ಒಬ್ಬರು, “ಎಲ್ಲಿ ಸಾರ್, ಎಲೆಕ್ಷನ್ನು?” ಎಂದು ಕೇಳಿದರು.

ಕೊನೆಗೆ ದಾರಿ ತೋರಿಸಿದವರು ನಮ್ಮ ಬೀದಿಯ ಮೇಷ್ಟ್ರು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಭೂತಗನ್ನಡಿ ಹಿಡಿದು ಬಂದು, ಗಾಜಿಗೆ ಮೂಗು ಒತ್ತಿ ಕಾಲು ಗಂಟೆ ಕೂತರು. “ಇಕ್ತಿಯೋಫ್ತಿರಿಯಸ್ ಮಲ್ಟಿಫಿಲಿಯಿಸ್” ಎಂದರು. ಅತ್ತೆ ಅದನ್ನು ಮಂತ್ರವೆಂದು ತಿಳಿದು ಮತ್ತೊಮ್ಮೆ ಕೈ ಮುಗಿದರು. “ಬಹಳ ಮಕ್ಕಳ ಮೀನುಹೇನು ಅಂತ ಅರ್ಥ. ಹೇನಲ್ಲ, ಒಂದೇ ಜೀವಕೋಶದ ಪ್ರಾಣಿ. ಬಹಳ ಮಕ್ಕಳು ಅನ್ನೋದಂತೂ ನಿಜ.”

ಅವರು ಹೇಳಿದ್ದು ಕೇಳಿದರೆ ಪುರಾಣದ ರಕ್ತಬೀಜಾಸುರ ಬಡವ ಅನ್ನಿಸಿತು. ಈ ಜೀವಿ ಮೀನಿನ ಚರ್ಮದಡಿ ಸೇರಿ ತಿಂದು ಕೊಬ್ಬುತ್ತದೆ. ನಮಗೆ ಕಾಣುವ ರವೆಕಾಳು ಅದೇ. ಹೊಟ್ಟೆ ತುಂಬಿದ ಮೇಲೆ ಉದುರಿ ತಳ ಸೇರಿ, ಸುತ್ತ ಒಂದು ಕವಚ ಕಟ್ಟಿಕೊಂಡು ನೂರಾರು ಮರಿಗಳಾಗಿ ಒಡೆಯುತ್ತದೆ. ಮರಿಗಳು ಹೊರಬಂದು ಮತ್ತೆ ಮೀನನ್ನು ಹುಡುಕಿ ಈಜುತ್ತವೆ. ಚರ್ಮದಡಿ ಇರುವಾಗ ಔಷಧ ತಾಗದು, ಕವಚದೊಳಗೆ ಇರುವಾಗಲೂ ತಾಗದು. ಈಜುವ ಆ ಒಂದೆರಡು ದಿನದಲ್ಲಿ ಸಿಕ್ಕರೆ ಸಿಕ್ಕಿತು. ಚುಕ್ಕೆ ಮಾಯವಾಯಿತೆಂದು ನಾವು ಪಾಯಸ ಮಾಡುವ ಹೊತ್ತಿಗೆ ಸೈನ್ಯ ತಳದಲ್ಲಿ ತಯಾರಾಗುತ್ತಿರುತ್ತದೆ. ಚಳಿಯಲ್ಲಿ ಈ ಚಕ್ರ ವಾರಗಟ್ಟಲೆ ಎಳೆಯುತ್ತದೆ. ಅದಕ್ಕೇ ಹೀಟರು ಇಟ್ಟು ನೀರನ್ನು ನಿಧಾನವಾಗಿ 28 ಡಿಗ್ರಿಗೆ ಏರಿಸಿ, ಅದು ಬೇಗ ಬೇಗ ಹೊರಬರುವಂತೆ ಮಾಡಿ, ಉಪ್ಪಿನಿಂದ ಹೊಡೆಯಬೇಕು. ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ, ಗಾಳಿಯ ಪಂಪು ನಿಲ್ಲಿಸಬಾರದು. ಉಪ್ಪು ಲೀಟರಿಗೆ 2 ಗ್ರಾಂ, ಅದೂ ಎರಡು ದಿನದಲ್ಲಿ ಕಂತುಗಳಲ್ಲಿ. ನಮ್ಮದು 50 ಲೀಟರಿನ ತೊಟ್ಟಿ. ಶೆಟ್ಟರು ಕಂಡ ತಕ್ಕಡಿಯ ರಹಸ್ಯ ಇಷ್ಟೆ.

ಉಪ್ಪಿಗಿಂತ ನನಗೆ ಉರಿದದ್ದು ಮೇಷ್ಟ್ರ ಮುಂದಿನ ಮಾತು. ತೊಟ್ಟಿಯ ನೀರನ್ನು ಪುಟ್ಟ ಗಾಜಿನ ನಳಿಗೆಗೆ ತುಂಬಿ, ಎರಡು ಶೀಷೆಗಳಿಂದ ಹನಿ ಹಾಕಿ ಅಲ್ಲಾಡಿಸಿದರು. ಹಳದಿಯಾಗಿ ಉಳಿಯಬೇಕಿದ್ದ ನೀರು ಬಾಳೆಎಲೆಯ ಹಸಿರಾಯಿತು. “ಅಮೋನಿಯ. ಮೀನು ಕಿವಿರಿನಿಂದ ಬಿಡೋ ಗಲೀಜು. ಅದನ್ನ ತಿಂದು ಸಾಧು ಮಾಡೋ ಬ್ಯಾಕ್ಟೀರಿಯ ಫಿಲ್ಟರಲ್ಲಿ, ಕಲ್ಲಲ್ಲಿ ಮನೆ ಮಾಡೋಕೆ ನಾಲ್ಕರಿಂದ ಆರು ವಾರ ಬೇಕು. ನೀವು ಪ್ರತಿ ಭಾನುವಾರ ಅವುಗಳ ಮೇಲೆ ಕ್ಲೋರಿನ್ ನೀರು ಬಿಟ್ಟು ಒಕ್ಕಲೆಬ್ಬಿಸಿದ್ದೀರಿ. ಅಳಿದುಳಿದವನ್ನ ನಿಮ್ಮ ನೀಲಿ ನೋಡಿಕೊಂಡಿದೆ. ಕಾಯಿಲೆ ಬಿದ್ದಿರೋದು ನೀರು ಕಣ್ರೀ. ಮೀನು ಪಾಪ ಅದರೊಳಗೆ ಇದೆ, ಅಷ್ಟೇ.” ನಾನು ಬೆಂಗಳೂರಿನಲ್ಲಿ ಓದುತ್ತಿದ್ದಾಗ ಕಬ್ಬನ್ ಪಾರ್ಕಿನ ಮತ್ಸ್ಯಾಲಯಕ್ಕೆ ಹೋಗಿ ಬಣ್ಣಬಣ್ಣದ ಮೀನುಗಳನ್ನು ಎಷ್ಟೋ ಸಲ ನೋಡಿದ್ದುಂಟು. ನೀರನ್ನು ನೋಡಿದ ನೆನಪು ಒಮ್ಮೆಯೂ ಇಲ್ಲ.

ಅಲ್ಲಿಂದ ಕ್ರಮ ಬದಲಾಯಿತು. ಒಂದು ದಿನ ಬಕೆಟ್ಟಿನಲ್ಲಿ ತುಂಬಿಟ್ಟು ಕ್ಲೋರಿನ್ ಹೋಗಲಾಡಿಸಿದ ನೀರು, ಒಮ್ಮೆಗೆ ಕಾಲು ಭಾಗ ಮಾತ್ರ ಬದಲು, ಫಿಲ್ಟರಿನ ಸ್ಪಂಜನ್ನು ತೊಟ್ಟಿಯ ನೀರಿನಲ್ಲೇ ಒಮ್ಮೆ ಹಿಂಡುವುದು. ಚುಕ್ಕೆ ಹೋದ ಮೇಲೂ ಹತ್ತು ದಿನ ಉಪ್ಪು. ಸಾರಿಗೆ ಇಂಗು, ಸಾಸಿವೆ ಮರಳಿದವು.

ಕರಿಯ ಮಾತ್ರ ಉಳಿಯಲಿಲ್ಲ. ಒಂದು ದಿನ ಮೈ ಊದಿ, ಹುರುಪೆಗಳೆಲ್ಲ ಹಲಸಿನಕಾಯಿಯ ಮುಳ್ಳಿನ ಹಾಗೆ ಎದ್ದು ನಿಂತವು. ಮೂತ್ರಪಿಂಡ ಕೈಕೊಟ್ಟು ಒಳಗೆ ನೀರು ತುಂಬಿದೆ, ಇಷ್ಟಾದ ಮೇಲೆ ಮಾಡುವುದು ಹೆಚ್ಚೇನಿಲ್ಲ ಎಂದರು ಮೇಷ್ಟ್ರು. ದಾಸವಾಳದ ಗಿಡದ ಬುಡದಲ್ಲಿ ಮಣ್ಣು ಮಾಡಿದೆವು. “ಮನೆಗೆ ಬರೋ ಗಂಡಾಂತರ ತಾನು ತಗೊಂಡು ಹೋಯ್ತು” ಎಂದರು ಅತ್ತೆ. ಗಂಡಾಂತರ ಬಂದದ್ದು ನನ್ನ ಭಾನುವಾರದ ತೊಳೆತದಿಂದ ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

ಜನವರಿಯಲ್ಲಿ ಗುಂಡಣ್ಣ ತಲೆಕೆಳಗಾಗಿ ತೇಲಿದ. ಮಗಳು ಅಳತೊಡಗಿದಳು. ಮುಟ್ಟಿದರೆ ಓಡುತ್ತಾನೆ, ಬಿಟ್ಟರೆ ಮತ್ತೆ ಹೊಟ್ಟೆ ಮೇಲೆ. ಸಾಕಿದವರ ಶೋಕಿಗೆಂದು ಗುಂಡಗೆ ತಳಿ ಮಾಡಿದ ಈ ಮೀನಿನ ಹೊಟ್ಟೆಯಲ್ಲಿ ಎಲ್ಲ ಅಂಗಗಳೂ ಬೆಳಗಿನ ಸಿಟಿ ಬಸ್ಸಿನ ಪ್ರಯಾಣಿಕರಂತೆ ಒತ್ತಿಕೊಂಡಿರುತ್ತವೆಯಂತೆ. ಒಣ ಕಾಳು ತಿಂದು, ಜೊತೆಗೆ ಗಾಳಿ ನುಂಗಿ ಹೊಟ್ಟೆ ಉಬ್ಬಿದರೆ ತೇಲಿಸುವ ಗಾಳಿಚೀಲದ ಲೆಕ್ಕ ತಪ್ಪುತ್ತದೆ. ಚಿಕಿತ್ಸೆ? ಎರಡು ಮೂರು ದಿನ ಉಪವಾಸ, ಆಮೇಲೆ ಬೇಯಿಸಿ ಸಿಪ್ಪೆ ಸುಲಿದ ಒಂದು ಹಸಿರು ಬಟಾಣಿ. ಲಂಘನಂ ಪರಮೌಷಧಂ! ಅತ್ತೆಗೆ ಆಧುನಿಕ ವಿಜ್ಞಾನದ ಮೇಲೆ ಗೌರವ ಹುಟ್ಟಿದ್ದು ಅಂದೇ. ಕಾಕತಾಳೀಯವಾಗಿ ಅಂದು ಏಕಾದಶಿ. ಅವರೂ ಗುಂಡಣ್ಣನೂ ಜೊತೆಯಾಗಿ ಉಪವಾಸ ಮಾಡಿದರು. ಅವನು ಮೂರನೆಯ ದಿನ ಬಟಾಣಿ ತಿಂದು ನೆಟ್ಟಗಾದ. ಅತ್ತೆ ಆಗಾಗ ಗೋಡಂಬಿ ತಿಂದದ್ದನ್ನು ನಾನು ಎಣಿಸುವುದಿಲ್ಲ.

ಇಷ್ಟಾಗುವ ಹೊತ್ತಿಗೆ ನಾನೇ ಅರ್ಧ ವೈದ್ಯನಾಗಿದ್ದೆ. ಅರ್ಧ ವೈದ್ಯನ ಕಣ್ಣಿಗೆ ಎಲ್ಲ ಆರೋಗ್ಯವಂತರೂ ಅರ್ಧ ರೋಗಿಗಳು. ಮಾರ್ಚಿನಲ್ಲಿ ಪುಟ್ಟಿಯ ಕೆನ್ನೆಯ ಮೇಲೆ ಮತ್ತೆ ಬಿಳಿ ಚುಕ್ಕೆ! ತಕ್ಕಡಿ ತಂದೆ, ಹೀಟರು ಹಾಕಿದೆ, ಅತ್ತೆ ಬೇವಿನ ಮರಕ್ಕೆ ಹುಡುಗನನ್ನು ಹತ್ತಿಸಿದರು. ಉಪ್ಪು ನೀರಿಗೆ ಬೀಳುವ ಮೊದಲು ಮೇಷ್ಟ್ರು ಬಂದು ಭೂತಗನ್ನಡಿ ಹಿಡಿದರು, ನಕ್ಕರು. ಮೈಮೇಲೆಲ್ಲ ಚೆದುರಿದ್ದರೆ ರೋಗ. ಕಿವಿರಿನ ಮುಚ್ಚಳದ ಮೇಲೆ, ಎದೆಯ ರೆಕ್ಕೆಯ ಅಂಚಿನಲ್ಲಿ ಮಾತ್ರ ಸಾಲಾಗಿ ಮೂಡಿದರೆ ಗಂಡಿಗೆ ಪ್ರಾಯ ಬಂದ ಗುರುತು. “ಮದುವೆ ಗಂಡಿಗೆ ಸಿಡುಬಿನ ಔಷಧ ಕೊಡ್ತಿದ್ದಿರಲ್ರೀ!”

ಪುಟ್ಟಿ ಗಂಡು. ಆಗಲೇ ಅವನು ಗುಂಡಣ್ಣನ ಹೊಟ್ಟೆಗೆ ಮೂತಿ ತಿವಿಯುತ್ತ ತೊಟ್ಟಿಯ ಸುತ್ತ ಅಟ್ಟಾಡಿಸುತ್ತಿದ್ದ. ಹಾಗಾದರೆ ಗುಂಡಣ್ಣ? ಎರಡು ದಿನ ಕಳೆದು ಬೆಳಿಗ್ಗೆ ನೋಡಿದರೆ ಪ್ಲಾಸ್ಟಿಕ್ ಗಿಡದ ತುಂಬ ಸಬ್ಬಕ್ಕಿಯಂಥ ಮೊಟ್ಟೆ. ಬೇರೆ ಟಬ್ಬು ತರುವಷ್ಟರಲ್ಲಿ ತಂದೆತಾಯಿ ಇಬ್ಬರೂ ಸೇರಿ ಅಷ್ಟನ್ನೂ ತಿಂದು ಮುಗಿಸಿದ್ದರು. ಮಧ್ಯಾಹ್ನಕ್ಕೆ ಗುಂಡಣ್ಣ, ಅಲ್ಲ, ಗುಂಡಮ್ಮ ಮತ್ತೆ ತಲೆಕೆಳಗಾಗಿ ತೇಲಿದಳು.

ನಾನು ತಿಂಡಿಯ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಮೂರು ದಿನ ಲಂಘನ ಎಂದೆ. ಅತ್ತೆ ಅಡುಗೆಮನೆಯಿಂದ ಸೌಟು ಹಿಡಿದೇ ಬಂದರು.

“ಏನು ಅಳಿಯಂದ್ರೇ, ಹಸಿ ಬಾಣಂತಿಯನ್ನ ಉಪವಾಸ ಕೆಡವುತ್ತೀರಾ?”