ಗೋದಾವರಿಪರ್ಯಂತ ಕಸಮೀಮಾಂಸೆ

ಪೀಠಿಕೆ

ಕನ್ನಡ ನಾಡಿನ ಬಡಗಣ ಎಲ್ಲೆ ಗೋದಾವರಿಯೆಂದು ಒಂಬತ್ತನೆಯ ಶತಮಾನದಲ್ಲೇ ಕವಿರಾಜಮಾರ್ಗ ತೀರ್ಮಾನಿಸಿಬಿಟ್ಟಿದೆ. ಆ ಗೋದಾವರಿ ಹುಟ್ಟುವುದು ನಾಸಿಕ್ ಜಿಲ್ಲೆಯ ತ್ರ್ಯಂಬಕೇಶ್ವರದ ಬ್ರಹ್ಮಗಿರಿಯಲ್ಲಿ. ಅಂದಮೇಲೆ ಹೊಳೆಯ ತೆಂಕಣ ದಡದಲ್ಲಿ ಬಿದ್ದ ಚಿಪ್ಸ್ ಪೊಟ್ಟಣ ಶಾಸ್ತ್ರರೀತ್ಯಾ ಕನ್ನಡದ ಕಸ. ಬಡಗಣ ದಡದ್ದು ಮಾತ್ರ ಪರನಾಡಿನದು. ಕರ್ನಾಟಕ-ಮಹಾರಾಷ್ಟ್ರ ಗಡಿಯ ಬಗ್ಗೆ 1967ರಲ್ಲಿ ವರದಿ ಕೊಟ್ಟ ಮಹಾಜನ ಆಯೋಗ ಹಳ್ಳಿ ಹಳ್ಳಿಯನ್ನೂ ತೂಗಿ ಇದು ಅವರಿಗೆ, ಇದು ಇವರಿಗೆ ಎಂದು ಹಂಚಿತೇ ಹೊರತು ಕಸದ ಪಾಲುಪಟ್ಟಿಯ ಬಗ್ಗೆ ತುಟಿ ಬಿಚ್ಚಲಿಲ್ಲ. ಆ ಕೊರತೆ ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಯಾವ ವಿಶ್ವವಿದ್ಯಾಲಯವೂ ಇದಕ್ಕೆ ಧನಸಹಾಯ ನೀಡದ ಕಾರಣ ಕೃತಜ್ಞತೆಯ ಪುಟ ಇರುವುದಿಲ್ಲ.

ಅಧ್ಯಯನದ ವ್ಯಾಪ್ತಿ ನಾಸಿಕ್‌ನಿಂದ ಛತ್ರಪತಿ ಸಂಭಾಜಿನಗರದವರೆಗೆ, ಅಂದರೆ 2023ರವರೆಗೆ ಔರಂಗಾಬಾದ್ ಎನಿಸಿಕೊಂಡಿದ್ದ ಊರಿನವರೆಗೆ. ಈ ಸೀಮೆಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ನಾಸಿಕ್‌ನಲ್ಲಿ ಮಹೀಂದ್ರಾದವರ ಥಾರ್ ತಯಾರಾಗುತ್ತದೆ. ಅದನ್ನು ಕೆಸರಿಗಿಳಿಸಿ ಮತ್ತೆ ಮೇಲೆತ್ತುವುದು ಹೇಗೆಂದು ಕಲಿಸುವ ಅವರದೇ ಶಾಲೆ ಇಗತ್‌ಪುರಿಯ ಬಳಿ ಇದೆ. ಸಂಭಾಜಿನಗರದ ಪಕ್ಕದ ವಾಳೂಜ್‌ನಲ್ಲಿ 1985ರಿಂದ ಬಜಾಜ್ ಕಾರ್ಖಾನೆ ನಡೆಯುತ್ತಿದೆ. ಆ ತುದಿಯಲ್ಲಿ ನಾಲ್ಕು ಚಕ್ರ, ಈ ತುದಿಯಲ್ಲಿ ಎರಡು, ನಡುವೆ ಸಹ್ಯಾದ್ರಿಯ ಕವಲುಗುಡ್ಡಗಳು, ಗುಡ್ಡದ ನೆತ್ತಿಗೆ ಕೋಟೆಗಳು, ಕೋಟೆಗಳ ನೆತ್ತಿಗೆ ನಾಲ್ಕು ತಿಂಗಳ ಮಳೆ. ಭಾನುವಾರ ಬೆಳಗ್ಗೆ ಅಲ್ಲಿ ಏನಾದೀತೆಂದು ಹೇಳಲು ಜ್ಯೋತಿಷಿ ಬೇಕಿಲ್ಲ.

ಮಾರ್ಗಲಕ್ಷಣ

ಇಲ್ಲಿ ಹೊಲದ ನಡುವಿನ ಗಾಡಿಜಾಡಿಗೆ ಪಾಣಂದ ಎನ್ನುತ್ತಾರೆ. ಕಂದಾಯ ನಕ್ಷೆಯಲ್ಲಿ ಅದು ಸಾರ್ವಜನಿಕ, ಅಕ್ಕಪಕ್ಕದ ಹೊಲದವರ ಮನಸ್ಸಿನಲ್ಲಿ ಖಾಸಗಿ. ಅದರ ಮೇಲೆ ಎತ್ತಿನ ಗಾಡಿ ಹೋಗುತ್ತದೆ, ದ್ರಾಕ್ಷಿಯ ಟ್ರ್ಯಾಕ್ಟರ್ ಹೋಗುತ್ತದೆ, ಧನಗರರ ಕುರಿಮಂದೆ ಹೋಗುತ್ತದೆ, ಕೋಲು ಹಿಡಿದ ಚಾರಣಿಗರು ಹೋಗುತ್ತಾರೆ, ಕೊನೆಗೆ ಮಂಡಿಗೆ ಕವಚ, ಎದೆಗೆ ಕವಚ, ತಲೆಗೆ ಕ್ಯಾಮೆರಾ ಕಟ್ಟಿಕೊಂಡ ಆಫ್‌ರೋಡ್ ಸವಾರರು ಹೋಗುತ್ತಾರೆ. ಎಲ್ಲರಿಗೂ ದಾರಿ ಒಂದೇ. ದಾರಿ ನಮ್ಮದು, ಕಸ ಅವರದು ಎಂಬ ಸಿದ್ಧಾಂತದಲ್ಲೂ ಎಲ್ಲರಿಗೂ ಒಮ್ಮತವಿದೆ.

ದಾರಿ ಅಲ್ಲದ ದಾರಿಯೂ ಉಂಟು. ಸಂಭಾಜಿನಗರ ಜಿಲ್ಲೆಯಲ್ಲಿ ಕನ್ನಡ ಎಂಬ ಹೆಸರಿನದೇ ಒಂದು ತಾಲೂಕಿದೆ (ಅಲ್ಲಿ ಕನ್ನಡ ಮಾತಾಡಿದರೆ ಚಹಾ ಸಿಗುವುದಿಲ್ಲ). ಅದರ ಘಾಟಿಯ ಬದಿಯಲ್ಲಿ ಗೌತಾಳಾ ಅಭಯಾರಣ್ಯ. ಅದರೊಳಗೆ ಜಾಡು ಬಿಟ್ಟು ಬೈಕ್ ಓಡಿಸುವವನನ್ನು ಅರಣ್ಯ ಇಲಾಖೆ ಆಫ್‌ರೋಡ್ ಸವಾರ ಎನ್ನುವುದಿಲ್ಲ, ಆರೋಪಿ ಎನ್ನುತ್ತದೆ. ಆತ ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.

ಆಕರವಿಚಾರ

ಈ ನೆಲದ ಅಡಿಪಾಯ ದಖನ್ನಿನ ಕಪ್ಪುಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಪದರ ಪದರವಾಗಿ ಹರಿದು ಹೆಪ್ಪುಗಟ್ಟಿತೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅವರು ಕಲ್ಲಿಗೇ ನಿಲ್ಲಿಸಿಬಿಟ್ಟರು; ಮೇಲಿನ ಒಂದು ಗೇಣನ್ನು ನೋಡಲಿಲ್ಲ. ಆ ಗೇಣಿನ ಕಾಲನಿರ್ಣಯಕ್ಕೆ ಪ್ರಬಂಧಕಾರ ಗುಟ್ಕಾ ಪುಡಿಕೆಯನ್ನು ಪ್ರಮಾಣವಾಗಿ ಇಟ್ಟುಕೊಂಡಿದ್ದಾನೆ. ಗುಟ್ಕಾವನ್ನು ಮಹಾರಾಷ್ಟ್ರ 2012ರಲ್ಲಿ, ಕರ್ನಾಟಕ 2013ರಲ್ಲಿ ನಿಷೇಧಿಸಿದವು. ನಿಷೇಧಕ್ಕೆ ಮುಂಚಿನ ಪದರದಲ್ಲಿ ಪುಡಿಕೆ ಒಂಟಿ. ನಿಷೇಧದ ಅನಂತರ ವ್ಯಾಪಾರಿಗಳು ಪಾನ್ ಮಸಾಲಾವನ್ನು ಒಂದರಲ್ಲಿ, ತಂಬಾಕನ್ನು ಇನ್ನೊಂದರಲ್ಲಿ ಕಟ್ಟಿ ಜೊತೆಗೆ ಮಾರತೊಡಗಿದರು. ಬೆರೆಸಿಕೊಳ್ಳುವುದು ಗಿರಾಕಿಯ ಅಂಗೈಗೆ ಬಿಟ್ಟದ್ದು. ಹಾಗಾಗಿ 2012ರ ಮೇಲಿನ ಪದರದಲ್ಲಿ ಪುಡಿಕೆಗಳು ಜೋಡಿ ಜೋಡಿಯಾಗಿ ಸಿಗುತ್ತವೆ. ಕಾನೂನು ಬಂದು ಕಸ ಇಮ್ಮಡಿಯಾದ ಈ ಕಾಲಘಟ್ಟಕ್ಕೆ ಯಮಳಯುಗ ಎಂಬ ಹೆಸರನ್ನು ಸೂಚಿಸಲಾಗಿದೆ. 2018ರಲ್ಲಿ ಮಹಾರಾಷ್ಟ್ರ ಪ್ಲಾಸ್ಟಿಕ್ ಚೀಲವನ್ನೂ, 2022ರಲ್ಲಿ ಕೇಂದ್ರ ಸರ್ಕಾರ ಪ್ಲಾಸ್ಟಿಕ್ ಚಮಚ, ಲೋಟ, ತಟ್ಟೆಗಳನ್ನೂ ನಿಷೇಧಿಸಿದವು. ಇವುಗಳ ಪದರ ಇನ್ನೂ ಹಸಿಯಾಗಿದೆ, ಪ್ರತಿ ಭಾನುವಾರ ಬೆಳೆಯುತ್ತಿದೆ. ಅಂತಿಮ ತೀರ್ಪು ಅವಸರದ್ದಾದೀತು.

ಪುಡಿಕೆಯನ್ನು ಹತ್ತಿರದಿಂದ ಓದಬೇಕು. ತಾಮ್ರಪಟದಲ್ಲಿ ಇರಬೇಕಾದದ್ದೆಲ್ಲ ಅದರಲ್ಲಿದೆ: ಕೊಟ್ಟವನ ಹೆಸರು, ವಿಳಾಸ, ತಯಾರಾದ ತಿಂಗಳು, ಬ್ಯಾಚ್ ಸಂಖ್ಯೆ, ತೆರಿಗೆ ಸೇರಿದ ಬೆಲೆ, ಮಸಾಲಾ ಪುಡಿಕೆಯಾದರೆ ಹದಿನಾಲ್ಕು ಅಂಕಿಯ ಆಹಾರ ಪರವಾನಗಿ. ನಮ್ಮ ಶಾಸನಗಳು ಕೊನೆಯಲ್ಲಿ ಶಾಪಾಶಯವಿಲ್ಲದೆ ಮುಗಿಯುವುದಿಲ್ಲ. ದಾನವನ್ನು ಕೆಡಿಸಿದವನು ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುತ್ತಾನೆಂದು ಹೆದರಿಸುತ್ತವೆ. ತಂಬಾಕಿನ ಪುಡಿಕೆಯ ಮೇಲೂ ಶಾಪವಿದೆ, ಚಿತ್ರಸಮೇತ, 2016ರಿಂದ ಮುಖಭಾಗದ ಶೇಕಡಾ 85ರಷ್ಟು ಜಾಗದಲ್ಲಿ. ರಾಷ್ಟ್ರಕೂಟರು ಶಾಪಕ್ಕೆ ಇಷ್ಟು ಜಾಗ ಕೊಟ್ಟಿರಲಿಲ್ಲ. ಎರಡೂ ಶಾಪಗಳ ಪರಿಣಾಮ ಮಾತ್ರ ಸಮಾನ.

ನಾಸಿಕ್‌ನ ದ್ರಾಕ್ಷಿ ಸೀಮೆಯಲ್ಲಿ ಇನ್ನೊಂದು ಬಗೆಯ ಆಕರ ಹೇರಳ: ಔಷಧಿ ಬಾಟಲಿ, ತುಂಡಾದ ಡ್ರಿಪ್ ಪೈಪು, ಹರಿದ ಮಲ್ಚಿಂಗ್ ಹಾಳೆ. ಮಲ್ಚಿಂಗ್ ಹಾಳೆಯನ್ನು ಎಳೆದರೆ ಬರುತ್ತಲೇ ಇರುತ್ತದೆ, ಅರ್ಧ ಮಣ್ಣೊಳಗೆ. ಎಳೆಯುವವನಿಗೆ ತಾನು ಹೊಲವನ್ನೇ ಎಬ್ಬಿಸುತ್ತಿದ್ದೇನೆಂಬ ಭಯ ಹುಟ್ಟುತ್ತದೆ. ಹೊಲದ ಯಜಮಾನನಿಗೂ ಅದೇ ಅನುಮಾನ. ಸವಾರರ ಕೂಟಗಳು ಜಾಡಿನ ಕಸ ಹೆಕ್ಕಲೂ ಹೊರಡುತ್ತವೆ; ಆ ಕಾರ್ಯಕ್ರಮಗಳು ಈ ಹಂತದಲ್ಲಿ ಒಮ್ಮೊಮ್ಮೆ ಓಡುವ ಕಾರ್ಯಕ್ರಮಗಳಾಗುತ್ತವೆ.

ಪೂರ್ವಪಕ್ಷ

ಚಾರಣಿಗರ ವಾದ: ಸದ್ದು ಯಾರದೋ ಕಸವೂ ಅವರದೇ. ಈ ವಾದ ಹರಿಹರ ಕೋಟೆಯಲ್ಲಿ ಎಡವುತ್ತದೆ. ನಾಸಿಕ್‌ನ ಆ ಕೋಟೆಯ ಮೆಟ್ಟಿಲು ಹೆಚ್ಚುಕಡಿಮೆ ಗೋಡೆಯಂತೆ ಕಡಿದು. ಬಂಡೆಯಲ್ಲಿ ಕೊರೆದ ಗುಳಿಗಳಿಗೆ ಬೆರಳು ಸಿಕ್ಕಿಸಿಕೊಂಡು ಹತ್ತಬೇಕು. ಮಳೆಗಾಲದಲ್ಲಿ ಜನ ಒಬ್ಬರ ತಲೆಗೆ ಇನ್ನೊಬ್ಬರ ಕಾಲು ತಾಗುವಂತೆ ಸಾಲುಗಟ್ಟುತ್ತಾರೆ. ಬೈಕುಗಳು ಹರ್ಷೇವಾಡಿಯಲ್ಲೋ ನಿರ್ಗುಡ್‌ಪಾಡಾದಲ್ಲೋ ನಿಂತುಬಿಡುತ್ತವೆ. ಆದರೂ ಮೆಟ್ಟಿಲ ಸಂದಿಯಲ್ಲಿ ನೀರಿನ ಬಾಟಲಿ ತುರುಕಿರುತ್ತದೆ. ಎರಡೂ ಕೈಗಳಿಂದ ಬಂಡೆ ಹಿಡಿದವನು ಅದನ್ನು ಯಾವ ಕೈಯಿಂದ ತುರುಕಿದ ಎಂಬುದು ಬಿಡಿಸಲಾಗದ ಒಗಟು.

ಸವಾರರ ಪ್ರತಿವಾದ ಗ್ರಂಥಸಂಪಾದನೆಯ ಮಾದರಿಯದು. ಬಿಸ್ಕತ್ ಪೊಟ್ಟಣ ಮೂಲಪಾಠವಂತೆ, ಬಿಯರ್ ಬಾಟಲಿ ಪ್ರಕ್ಷಿಪ್ತವಂತೆ, ಅಂದರೆ ಕಾರಿನಲ್ಲಿ ಬಂದ ಯಾರೋ ಆಮೇಲೆ ಸೇರಿಸಿದ್ದಂತೆ. ಕಾರಿನಲ್ಲಿ ಬಂದವರನ್ನು ಕೇಳಿದರೆ ಊರ ಹುಡುಗರು ಎನ್ನುತ್ತಾರೆ. ಊರ ಹುಡುಗರು ಮುಂಬೈ ಕಡೆ ಬೆರಳು ತೋರಿಸುತ್ತಾರೆ. ಮುಂಬೈ ತೋರಿಸಬೇಕಾದ ದಿಕ್ಕಿನಲ್ಲಿ ಅರಬ್ಬೀ ಸಮುದ್ರ ಮಾತ್ರ ಉಳಿದಿರುತ್ತದೆ.

ಇಲ್ಲಿಯೇ ಒಂದು ಉಪವಿವಾದವನ್ನು ಇತ್ಯರ್ಥಗೊಳಿಸಬಹುದು. ಹನುಮಂತ ಹುಟ್ಟಿದ್ದು ತ್ರ್ಯಂಬಕದ ಬಳಿಯ ಅಂಜನೇರಿಯಲ್ಲೋ ನಮ್ಮ ಆನೆಗೊಂದಿಯ ಅಂಜನಾದ್ರಿಯಲ್ಲೋ? 2021ರಲ್ಲಿ ತಿರುಪತಿಯವರು ಮೂರನೆಯ ಅರ್ಜಿ ಹಾಕಿದರು. 2022ರ ಮೇ ಕೊನೆಗೆ ನಾಸಿಕ್‌ನಲ್ಲಿ ಈ ಬಗ್ಗೆ ಶಾಸ್ತ್ರಾರ್ಥ ಸಭೆ ಸೇರಿ, ಆಸನದ ಗದ್ದಲದಲ್ಲಿ ಸಿಲುಕಿ, ನಿರ್ಣಯವಿಲ್ಲದೆ ಚದುರಿತು. ಸಭೆ ಕಸವನ್ನು ಸಾಕ್ಷಿಗೆ ಕರೆಯಬೇಕಿತ್ತು. ಅಂಜನಾದ್ರಿಯ 575 ಮೆಟ್ಟಿಲ ಬದಿಯಲ್ಲೂ ಅಂಜನೇರಿಯ ಕಾಲುದಾರಿಯಲ್ಲೂ ಸಿಗುವ ಪೊಟ್ಟಣ ಅದೇ ಕಂಪನಿಯದು, ಅದೇ ರುಚಿಯದು, ಅದೇ ಹತ್ತು ರೂಪಾಯಿಯದು. ವಸ್ತುಸಂಸ್ಕೃತಿಯ ದೃಷ್ಟಿಯಿಂದ ಇವೆರಡೂ ಒಂದೇ ಬೆಟ್ಟ. ಕನ್ನಡಿಗರೂ ಮರಾಠಿಗರೂ ಇನ್ನು ಜಗಳ ಬಿಡಬಹುದು.

ಅಂಜನೇರಿಯ ವಿಷಯ ಬಂದದ್ದರಿಂದ ಸವಾರರ ಬಗ್ಗೆ ಒಂದು ಕಟುಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಆ ಬೆಟ್ಟದ ಹೆಸರನ್ನೇ ಹೊತ್ತ ಸಿರೊಪೀಜಿಯಾ ಅಂಜನೇರಿಕಾ ಎಂಬ ಪುಟ್ಟ ಹೂಗಿಡ ಅಲ್ಲಿನ ಹುಲ್ಲಿನಲ್ಲಿದೆ. ಮಳೆಗಾಲದ ಮೆತ್ತನೆ ಮಣ್ಣಿನಲ್ಲಿ ಹಲ್ಲುಹಲ್ಲಿನ ನಾಬಿ ಟೈರು ಒಂದು ಗೆರೆ ಎಳೆದರೆ ಮುಂದಿನ ಮಳೆ ಅದನ್ನು ಕೊರಕಲು ಮಾಡುತ್ತದೆ. ಬಾಟಲಿಯನ್ನು ಹೆಕ್ಕಿ ಗೋಣಿಗೆ ಹಾಕಬಹುದು. ಕೊರಕಲನ್ನು ಹೆಕ್ಕುವ ಗೋಣಿ ಇನ್ನೂ ಬಂದಿಲ್ಲ. ಗಾಡಿಜಾಡಿನ ಆಚೆ ಚಕ್ರ ಇಳಿಸಿದವನು ಎಷ್ಟು ಮೂಟೆ ಕಸ ತಂದರೂ ಲೆಕ್ಕ ಸರಿಹೋಗುವುದಿಲ್ಲ.

ಸಿದ್ಧಾಂತ

ಈ ಸೀಮೆಯ ಅತಿ ದೊಡ್ಡ ಶುಚಿಕಾರ್ಯ ನಡೆದದ್ದು ಎಂಟನೆಯ ಶತಮಾನದಲ್ಲಿ, ವೆರೂಳ್ ಎಂಬ ಎಲ್ಲೋರದಲ್ಲಿ, ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲಕ್ಕೆ. ಎಲ್ಲೋರದ 16ನೆಯ ಗುಹೆಯ ಕೈಲಾಸವನ್ನು ಕಟ್ಟಿದರೆಂದು ಎಲ್ಲರೂ ಹೇಳುತ್ತಾರೆ. ಯಾರೂ ಕಟ್ಟಲಿಲ್ಲ. ಬೆಟ್ಟವನ್ನು ನೆತ್ತಿಯಿಂದ ಕೆಳಕ್ಕೆ ಕಡಿಯುತ್ತ, ದೇಗುಲವಲ್ಲದ್ದನ್ನು ಹೊರಗೆ ಸಾಗಿಸಿದರು, ಉಳಿದದ್ದು ದೇಗುಲ. ತೆಗೆದ ಕಲ್ಲು ಸುಮಾರು ಎರಡು ಲಕ್ಷ ಟನ್ ಎಂದು ಅಂದಾಜು. ಹಿಂದಿರುಗಿ ನೋಡಿದ ಶಿಲ್ಪಿಗೇ ಇದು ತನ್ನ ಕೈಕೆಲಸವೆಂದು ನಂಬಲಾಗಲಿಲ್ಲವೆಂಬ ಧಾಟಿಯಲ್ಲಿ ಬರೋಡಾದ ತಾಮ್ರಪಟ ಹೇಳುತ್ತದೆ. ಅಷ್ಟು ಚೂರು ಎಲ್ಲಿ ಹೋಯಿತೆಂದು ಇಂದಿಗೂ ಪ್ರವಾಸಿಗರು ಗೈಡನ್ನು ಪೀಡಿಸುತ್ತಾರೆ, ಯೂಟ್ಯೂಬಿನ ಪಂಡಿತರು ಅನ್ಯಗ್ರಹದವರನ್ನು ಕರೆಸುತ್ತಾರೆ. ಕೂಲಿಯಾಳು ಬುಟ್ಟಿ ಹೊತ್ತು ಹೋಗಿ ದೂರ ಸುರಿದು ಬಂದ ಎಂಬುದಕ್ಕಿಂತ ಹಾರುವ ತಟ್ಟೆಯನ್ನು ನಂಬುವುದು ನಮಗೆ ಸುಲಭ. ಬುಟ್ಟಿ ಹೊತ್ತವನನ್ನು ನಾವು ಎಂದೂ ನೋಡಿಲ್ಲವಲ್ಲ.

ಎರಡು ಲಕ್ಷ ಟನ್ ಸಾಗಿಸಿದವರು ಯಾವ ಬ್ಯಾನರನ್ನೂ ಕಟ್ಟಲಿಲ್ಲ. ಬ್ಯಾನರಿನ ಪರಂಪರೆ ಬೇರೆ, ಅದು ನಾಸಿಕ್‌ನ ಪಾಂಡವಲೇಣಿಯದು. ಅಲ್ಲಿನ 10ನೆಯ ಗುಹೆಯಲ್ಲಿ ಕ್ಷತ್ರಪ ದೊರೆ ನಹಪಾನನ ಅಳಿಯ ಉಷವದಾತ ತಾನು ಕೊಟ್ಟ ಹಸು, ಛತ್ರ, ಬಾವಿ, ದೋಣಿಗಳನ್ನೆಲ್ಲ ಗೋಡೆ ತುಂಬ ಕೆತ್ತಿಸಿದ್ದಾನೆ. ಇಂದಿನ ಬೈಕ್ ಕೂಟಗಳು ಅವನ ವಾರಸುದಾರರು. ವ್ಯತ್ಯಾಸ ಮಾಧ್ಯಮದಲ್ಲಿ: ಅವನದು ಬಂಡೆ, ಇವರದು ಫ್ಲೆಕ್ಸ್. ‘ಪ್ಲಾಸ್ಟಿಕ್‌ಮುಕ್ತ ಕೋಟೆ’ ಎಂದು ಹತ್ತಡಿ ಪ್ಲಾಸ್ಟಿಕ್ಕಿನ ಮೇಲೆ ಅಚ್ಚು ಹಾಕಿಸಿ, ಅದರ ಮುಂದೆ ಗೋಣಿ ಎತ್ತಿ ಹಿಡಿದು ಫೋಟೊ ತೆಗೆಸಿಕೊಂಡು, ಗೋಣಿಯನ್ನು ಒಯ್ದು ಫ್ಲೆಕ್ಸನ್ನು ಮರೆತು ಬಂದ ಪ್ರಕರಣಗಳಿಗೆ ವರ್ಗೀಕರಣದಲ್ಲಿ ಸ್ಥಾನ ಹುಡುಕಲಾಗುತ್ತಿದೆ.

ಆದರೂ, ಇಷ್ಟೆಲ್ಲ ಅಣಕಿಸಿದ ಮೇಲೂ, ಗೋಣಿ ಒಯ್ದವರು ಅವರೇ. ಯಾಕೆ ಅವರೇ ಎಂಬ ಪ್ರಶ್ನೆಗೆ ಉತ್ತರ ಪುಣ್ಯದಲ್ಲಿಲ್ಲ, ಹಕ್ಕಿನಲ್ಲಿದೆ. ಪಾಣಂದದ ಮೇಲೆ ಗಾಡಿಯವನಿಗೆ ಅಜ್ಜನ ಕಾಲದ ಹಕ್ಕು, ಕುರಿಯವನಿಗೆ ರೂಢಿಯ ಹಕ್ಕು, ಚಾರಣಿಗನಿಗೆ ಸದ್ದಿಲ್ಲದವನ ಹಕ್ಕು. ಸವಾರನಿಗೆ ಏನೂ ಇಲ್ಲ. ಒಬ್ಬ ಸರಪಂಚ ಸಿಟ್ಟಾದರೆ ಮುಂದಿನ ಭಾನುವಾರ ದಾರಿಗೆ ಮುಳ್ಳುಕಂಟಿ ಬೀಳುತ್ತದೆ. ಆದ್ದರಿಂದ ಆತ ಸುಂಕ ಕಟ್ಟುತ್ತಾನೆ. ಅಮೆರಿಕದಲ್ಲಿ ಅರಣ್ಯ ಇಲಾಖೆಯವರು ಮೆಲ್ಲಗೆ ಹೆಜ್ಜೆಯಿಡಿ ಎಂಬ ಅರ್ಥದ ಟ್ರೆಡ್ ಲೈಟ್ಲಿ ಅಭಿಯಾನವನ್ನು ಶುರುಮಾಡಿದ್ದೂ ಇದೇ ಲೆಕ್ಕಾಚಾರದಿಂದ, ವಾಳೂಜ್ ಕಾರ್ಖಾನೆ ತೆರೆದ ಅದೇ 1985ರಲ್ಲಿ. ಬೈಕೂ ಪಾಪಪ್ರಜ್ಞೆಯೂ ಅವಳಿಗಳೆಂಬುದಕ್ಕೆ ಇದಕ್ಕಿಂತ ಬಲವಾದ ಪುರಾವೆ ಸಂಶೋಧನೆಯಲ್ಲಿ ದೊರೆತಿಲ್ಲ.

ವಿಸರ್ಜನಪ್ರಕರಣ

ಸಾಲಿನ ಕೊನೆಯ ಸವಾರನಿಗೆ ಸ್ವೀಪ್ ಎನ್ನುತ್ತಾರೆ. ಕೆಟ್ಟು ನಿಂತ ಬೈಕು, ಬಿದ್ದ ಗೆಳೆಯ, ತುಂಬಿದ ಗೋಣಿ ಎಲ್ಲವೂ ಅವನ ಪಾಲು. ಗೋಣಿಯನ್ನು ಹಿಂದಿನ ಸೀಟಿಗೆ ಬಂಜೀ ಹಗ್ಗದಿಂದ ಬಿಗಿಯುತ್ತಾನೆ. ಒಡೆದ ಬಾಟಲಿಯ ಚೂಪು ಗೋಣಿಯನ್ನು ತೂರಿ ಬೆನ್ನಿಗೆ ಚುಚ್ಚುತ್ತದೆ. ಮೊದಲ ತಗ್ಗಿನಲ್ಲೇ ಹಗ್ಗ ಸಡಿಲಗೊಂಡು ಕಸದ ಒಂದು ಪಾಲು ಮರಳಿ ದಾರಿಯ ಪಾಲಾಗುತ್ತದೆ.

ಇಳಿದ ಮೇಲೆ ಕೊಡುವುದೆಲ್ಲಿ? ಗುಡ್ಡದ ಬುಡದ ಹಳ್ಳಿಗೆ ಕಸದ ಗಾಡಿ ಬರುವುದಿಲ್ಲ. ಅಲ್ಲಿ ಇಟ್ಟರೆ ಸಂಜೆಗೆ ಬೆಂಕಿ ಬೀಳುತ್ತದೆ. ಸಂಭಾಜಿನಗರಕ್ಕೆ ಒಯ್ಯೋಣವೆಂದರೆ ಆ ಊರಿಗೇ ಒಮ್ಮೆ ಕಸ ಇಡಲು ಜಾಗವಿರಲಿಲ್ಲ. 2018ರ ಫೆಬ್ರವರಿಯಲ್ಲಿ ನಾರೇಗಾಂವ್ ಕಡೆಯ ಹಳ್ಳಿಗರು ನಗರದ ಕಸದ ಲಾರಿಗಳನ್ನು ತಡೆದು ನಿಲ್ಲಿಸಿದರು. ಮಾರ್ಚ್‌ನಲ್ಲಿ ಲಾರಿಗಳು ಮಿಟ್‌ಮಿಟಾ ಕಡೆ ಹೊರಟಾಗ ಕಲ್ಲು ತೂರಿಬಂತು, ಲಾಠಿ ಬೀಸಿಬಂತು, ಸಂಗತಿ ಹೈಕೋರ್ಟ್ ಮುಟ್ಟಿತು. ಮಿಟ್‌ಮಿಟಾ ಇರುವುದು ದೌಲತಾಬಾದಿನ ದಾರಿಯಲ್ಲೇ. 1327ರಲ್ಲಿ ದಿಲ್ಲಿಯಿಂದ ರಾಜಧಾನಿಯನ್ನೇ ಅಲ್ಲಿಗೆ ಸಾಗಿಸಿದ ತುಘಲಕನ ಬಗ್ಗೆ ಕಾರ್ನಾಡರ ನಾಟಕ ನೋಡಿದವರು ಬಹಳ ಮಾತಾಡುತ್ತಾರೆ. ಆತ ಜನರನ್ನು ಸಾಗಿಸಿದ, ಕಸ ಸಾಗಿಸುವ ಕಷ್ಟ ಅವನಿಗೆ ಬರಲಿಲ್ಲ.

ಉಳಿದದ್ದು ನಾಸಿಕ್. ಅಲ್ಲಿ ಮನೆಬಾಗಿಲಿಗೆ ಕಸ ಒಯ್ಯುವ ಘಂಟಾಗಾಡಿ ಬರುತ್ತದೆ. ಗಾಡಿಯವನು ಗೋಣಿಯೊಳಗೆ ಇಣುಕಿ, ಹಸಿ ಬೇರೆ ಒಣ ಬೇರೆ ಮಾಡಿಕೊಡಿ ಎಂದು ಮುಂದಿನ ಬೀದಿಗೆ ಹೋಗುತ್ತಾನೆ. ನಿಯಮ ಅದೇ, ತಪ್ಪು ಹೇಳುವಂತಿಲ್ಲ. ಸವಾರ ಸೋಮವಾರ ಕಚೇರಿಗೆ ತಡವಾಗಿ ಬರುತ್ತೇನೆಂದು ಫೋನ್ ಮಾಡಿ, ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಕುಕ್ಕರುಗಾಲಲ್ಲಿ ಕೂತು, ಯಾರೋ ಕುಡಿದ ಬಾಟಲಿಯ ತಳದ ನೀರು ಚೆಲ್ಲಿ, ಯಾರೋ ಅಗಿದ ಜೋಡಿ ಪುಡಿಕೆಗಳನ್ನು ಒಂದೊಂದಾಗಿ ಬಿಡಿಸುತ್ತಾನೆ. ಮೂರನೆಯ ಮಹಡಿಯ ಬಾಲ್ಕನಿಯಿಂದ ಸೊಸೈಟಿಯ ಕಾರ್ಯದರ್ಶಿ ಇದನ್ನು ಮೊಬೈಲಿನಲ್ಲಿ ಹಿಡಿಯುತ್ತಾರೆ. ಸಂಜೆಯೊಳಗೆ ಲಿಫ್ಟಿನಲ್ಲಿ ನೋಟಿಸ್ ಅಂಟಿರುತ್ತದೆ: ಪಾರ್ಕಿಂಗ್‌ನಲ್ಲಿ ಕಸ ಹರಡಿದವರಿಗೆ ಐನೂರು ರೂಪಾಯಿ ದಂಡ, ಕೆಸರಿನ ಬೈಕಿಗೆ ಪ್ರತ್ಯೇಕ.