ಸ್ಥಗಿತ ಜಾಲತಾಣಗಳ ಕಾಲನಿರ್ಣಯ ಹಾಗೂ ಅಲ್ಪಾಯಾಸ ಜೀರ್ಣೋದ್ಧಾರ: ಒಂದು ಸಂಶೋಧನಾ ಪ್ರಬಂಧ

ಬಿ.ಎಲ್. ರೈಸ್ ಮೈಸೂರು ಸೀಮೆಯ ಸಾವಿರಾರು ಕಲ್ಬರಹಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕ’ದ ಸಂಪುಟಗಳಿಗೆ ತುಂಬಿದರು. ಅವರ ತರುವಾಯದ ವಿದ್ವಾಂಸರು ಕಲ್ಲು, ತಾಮ್ರ, ಓಲೆಗರಿ ಯಾವುದನ್ನೂ ಬಿಟ್ಟವರಲ್ಲ. ಆದರೆ ಅಂಗಡಿ ಮುಂಗಟ್ಟುಗಳ ಜಾಲತಾಣಗಳೆಂಬ ಅಪಾರ ಶಾಸನರಾಶಿಯ ಕಡೆ ಯಾರ ಲಕ್ಷ್ಯವೂ ಹರಿಯದಿರುವುದು ಕನ್ನಡ ಸಂಶೋಧನೆಯ ದೊಡ್ಡ ಕೊರತೆ. ಪ್ರಸ್ತುತ ಪ್ರಬಂಧ ಅದನ್ನು ನೀಗಿಸುತ್ತದೆ. ನೀಗಿಸಿ ಎಂದು ಯಾರೂ ಕೇಳಿರಲಿಲ್ಲ ಎಂಬುದು ಬೇರೆ ಮಾತು.

ಅಧ್ಯಯನಕ್ಕೆ ಆಯ್ದುಕೊಂಡದ್ದು ಉತ್ತರ ಕರ್ನಾಟಕದ ಒಂದು ಪಂಪ್‌ಸೆಟ್ ಅಂಗಡಿಯ ತಾಣ. ನೆತ್ತಿಯ ಮೇಲೆ ಬಲದಿಂದ ಎಡಕ್ಕೆ ಓಡುವ ಸ್ವಾಗತ ವಾಕ್ಯ. ಕೆಳಗೆ ದೀಪಾವಳಿ ರಿಯಾಯಿತಿ, ಪಕ್ಕದಲ್ಲಿ ಕೆಂಪಗೆ ಮಿಣುಕುವ ‘ಹೊಸತು’. ಯಾವ ದೀಪಾವಳಿ? ಶಾಸನ ಮೌನ. ಅಡಿಯಲ್ಲಿ ಗೂಗಲ್ ಪ್ಲಸ್‌ನ ಲಾಂಛನವಿದೆ. ಆ ಸಂಸ್ಥಾನ ಉದಯಿಸಿದ್ದು 2011ರಲ್ಲಿ, ಅಳಿದದ್ದು 2019ರಲ್ಲಿ. ಜಿಎಸ್‌ಟಿ ಸಂಖ್ಯೆ ಇರಬೇಕಾದಲ್ಲಿ ವ್ಯಾಟ್ ಸಂಖ್ಯೆಯಿದೆ, ಅಂದರೆ 2017ರ ಜುಲೈ 1ಕ್ಕಿಂತ ಹಿಂದಿನದು. ಶಾಖೆ ‘ಬೆಳಗಾಂ’ನಲ್ಲಿದೆ ಎಂದಿರುವುದರಿಂದ, ಊರುಗಳ ಹೆಸರು ಬದಲಾದ 2014ರ ನವೆಂಬರ್ 1ಕ್ಕೂ ಹಿಂದಕ್ಕೆ ಒಯ್ಯಬೇಕೆಂದು ಒಂದು ಪಂಥ ವಾದಿಸಬಹುದು. ಇಂದಿಗೂ ಬೆಳಗಾಂ ಅನ್ನುವವರನ್ನು ನೋಡಿದರೆ ಆ ವಾದ ನಿಲ್ಲುವುದಿಲ್ಲ. ಆದ್ದರಿಂದ ಕಾಲ: 2011 ಮತ್ತು 2017ರ ನಡುವೆ.

ತೊಡಕಿರುವುದು ಕೊನೆಯ ಸಾಲಿನಲ್ಲಿ. ಅಲ್ಲಿ ಹಕ್ಕುಸ್ವಾಮ್ಯದ ವರ್ಷ ಈ ವರ್ಷದ್ದೇ! ತಾಣ ಕಟ್ಟಿದವರು ವರ್ಷವನ್ನು ಕೈಯಾರೆ ಬರೆಯದೆ, ಕಂಪ್ಯೂಟರಿನ ಗಡಿಯಾರದಿಂದ ತಾನೇ ಎತ್ತಿಕೊಳ್ಳುವಂತೆ ಒಂದು ಸಾಲಿನ ಕೋಡ್ ಇಟ್ಟಿದ್ದಾರೆ. ಜನವರಿ 1ಕ್ಕೆ ಅಂಕಿ ಉರುಳುತ್ತದೆ, ಮಿಕ್ಕದ್ದೆಲ್ಲ ಇದ್ದ ಹಾಗೇ ಇರುತ್ತದೆ. ಹಳೆಯ ತೇದಿ ಕೆತ್ತಿ ನಂಬಿಸುವ ಹೊಸ ತಾಮ್ರಪಟಗಳನ್ನು ಶಾಸನತಜ್ಞರು ಕೂಟಶಾಸನ ಎನ್ನುತ್ತಾರೆ. ಇದು ಅದರ ತಿರುವುಮುರುವು: ಹಳೆಯ ಸರಕು, ಹೊಸ ತೇದಿ. ಶ್ರಮ ಉಳಿಸುವ ಉಪಾಯಗಳಲ್ಲಿ ಬಲು ಜನಪ್ರಿಯವಾದದ್ದು ಇದೇ; ಇದರಿಂದ ಗಿರಾಕಿಗೆ ಕವಡೆ ಕಾಸಿನ ಉಪಯೋಗವಿಲ್ಲ.

ಇನ್ನು ಜೀರ್ಣೋದ್ಧಾರ. ಹೈಸ್ಕೂಲಿನಲ್ಲಿ ನಾವೆಲ್ಲ ಲೋಪ, ಆಗಮ, ಆದೇಶ ಸಂಧಿಗಳನ್ನು ಉರುಹೊಡೆದವರು. ತಾಣ ತಿದ್ದಲಿಕ್ಕೂ ದಾರಿ ಈ ಮೂರೇ. ವರ್ತಕರಿಗೆ ಮೋಹವೆಲ್ಲ ಆಗಮದ ಮೇಲೆ: ‘ಸುದ್ದಿ’ ಪುಟ, ‘ನಮ್ಮ ತಂಡ’ ಪುಟ, ‘ಶೀಘ್ರದಲ್ಲೇ ಬರಲಿದೆ’ ಪುಟ. ಸುದ್ದಿ ಪುಟದಲ್ಲಿ ಇರುವುದು ಉದ್ಘಾಟನೆಯ ಒಂದೇ ಸುದ್ದಿ. ತಂಡದ ಫೋಟೊದಲ್ಲಿ ನಗುತ್ತಿರುವವರಲ್ಲಿ ಅರ್ಧ ಜನ ಈಗ ಎದುರಿನ ಅಂಗಡಿಯಲ್ಲಿದ್ದಾರೆ. ಆದೇಶ ಕಷ್ಟ, ಏಕೆಂದರೆ ಪಾಸ್‌ವರ್ಡ್ ಗೊತ್ತಿರುವ ಸೋದರಳಿಯ ಡಲ್ಲಾಸ್‌ನಲ್ಲಿದ್ದಾನೆ. ಅಲ್ಲಿ ಬೆಳಗಾಗುವ ಹೊತ್ತಿಗೆ ಇಲ್ಲಿ ಶಟರ್ ಎಳೆಯುವ ಹೊತ್ತು. ಉಳಿದದ್ದು ಲೋಪ. ಇಲ್ಲದ ಪುಟಕ್ಕೆ ವಯಸ್ಸಾಗುವುದಿಲ್ಲ. ಲೋಪಕ್ಕೂ ಪಾಸ್‌ವರ್ಡ್ ಬೇಕು ನಿಜ, ಆದರೆ ಸೋದರಳಿಯನನ್ನು ಒಮ್ಮೆ ಎಬ್ಬಿಸಿದರೆ ಸಾಕು.

ಉಳಿಸಿಕೊಂಡದ್ದನ್ನು ಮುಪ್ಪು ಬಾರದಂತೆ ಬರೆಯಬೇಕು. ‘25 ವರ್ಷಗಳ ಸೇವೆ’ ಎಂದವರ ಲೆಕ್ಕ ಮರುವರ್ಷವೇ ತಪ್ಪು. ‘1992ರಿಂದ’ ಎಂದರೆ ಮೊಮ್ಮಗನ ಕಾಲಕ್ಕೂ ನಿಜ. ಫೋನ್ ನಂಬರ್, ವಿಳಾಸ, ಅಂಗಡಿಯ ವೇಳೆ ಒಂದೇ ಕಡೆ ಇರಬೇಕು, ಮಿಕ್ಕ ಪುಟಗಳು ಅಲ್ಲಿಂದಲೇ ಎತ್ತಿಕೊಳ್ಳಬೇಕು. ವರ್ಡ್‌ಪ್ರೆಸ್‌ನಂಥ ವ್ಯವಸ್ಥೆಗಳಲ್ಲಿ ಇದಕ್ಕೆ ಏರ್ಪಾಡಿದೆ: ಒಂದು ತುಣುಕು ತಿದ್ದಿದರೆ ಅದು ಇರುವಲ್ಲೆಲ್ಲ ತಿದ್ದಿದ ಹಾಗೆ. ನಮ್ಮ ಪಂಪ್‌ಸೆಟ್ ತಾಣದಲ್ಲಾದರೋ ಮುಖಪುಟಕ್ಕೊಂದು ನಂಬರ್, ಸಂಪರ್ಕ ಪುಟಕ್ಕೆ ಇನ್ನೊಂದು. ಎರಡನೆಯದನ್ನು ಮಾಲೀಕರು ಕೈಬಿಟ್ಟ ಮೇಲೆ ಮೊಬೈಲ್ ಕಂಪನಿ ಬೇರೆಯವರಿಗೆ ಕೊಟ್ಟಿದೆ. ಈಗ ಅದು ಶಿರಸಿಯ ಅಡಿಕೆ ವ್ಯಾಪಾರಿಯೊಬ್ಬರ ಬಳಿ ಇದೆ. ಐದು ಎಚ್‌ಪಿ ಮೋಟರಿನ ದರವನ್ನು ಅವರು ತಕ್ಕಮಟ್ಟಿಗೆ ಕಲಿತಿದ್ದಾರೆ.

ಪೂರ್ವಪಕ್ಷ: “ಈಗೆಲ್ಲ ವಾಟ್ಸಾಪ್ ಸಾರ್, ವೆಬ್‌ಸೈಟ್ ಯಾರು ನೋಡ್ತಾರೆ?” ಸಿದ್ಧಾಂತ: ಪರ ಊರಿನ ಗಿರಾಕಿ ನೋಡುತ್ತಾನೆ, ಹಳೆಯ ದೀಪಾವಳಿ ಕಂಡು ಅಂಗಡಿ ಮುಚ್ಚಿರಬೇಕೆಂದು ಮುಂದೆ ಹೋಗುತ್ತಾನೆ. ಆದರೂ ಪೂರ್ವಪಕ್ಷದಲ್ಲಿ ಹುರುಳಿದೆ. ವಾಟ್ಸಾಪ್ ಸ್ಟೇಟಸ್ 24 ಗಂಟೆಗೆ ತಾನೇ ಮಾಯ. ಯಾರ ಕೈಯೂ ಸೋಕದ ಲೋಪ! ಹಬ್ಬದ ರಿಯಾಯಿತಿ, ಇವತ್ತಿನ ದರ, ನಾಳಿನ ರಜೆ ಎಲ್ಲವೂ ಅಲ್ಲಿಗೇ ಹೋಗಲಿ. ತಾಣದಲ್ಲಿ ಅಂಗಡಿ ಎಲ್ಲಿದೆ, ಏನು ಸಿಗುತ್ತದೆ, ಯಾರಿಗೆ ಫೋನ್ ಮಾಡಬೇಕು, ಇಷ್ಟಿದ್ದರಾಯಿತು. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನ 16 ಸಾಲಿನಲ್ಲಿ ತನ್ನ ಮಾತು ಮುಗಿಸಿದೆ. ಮೋಟರ್ ಮಾರುವವರಿಗೆ ಅದಕ್ಕಿಂತ ಹೆಚ್ಚು ಜಾಗ ಯಾಕೆ ಬೇಕು?

ಓದುಗ ವರ್ತಕರಲ್ಲಿ ಒಂದು ವಿನಂತಿ. ನಿಮ್ಮ ತಾಣದಲ್ಲಿರುವ ನಂಬರಿಗೆ ಇವತ್ತು ನೀವೇ ಒಮ್ಮೆ ಫೋನ್ ಮಾಡಿ ನೋಡಿ. ಬೇರೆ ಯಾರಾದರೂ ಎತ್ತಿದರೆ ಕ್ಷಮೆ ಕೇಳಿ, ಬೇರೆಲ್ಲ ಬಿಟ್ಟು ಮೊದಲು ಅದನ್ನು ತಿದ್ದಿಸಿ.