ಬಾಂಡಣ್ಣನವರ ಬಾಕಿ ಬಡ್ಡಿ

ಕೆಜಿಎಫ್‌ನಲ್ಲಿ ಚಿನ್ನದ ಮಾತಾಡದ ಮನೆಯಿಲ್ಲ, ಬಾಂಡಿನ ಮಾತಾಡುವ ಮನೆ ಮಾತ್ರ ಒಂದೇ. ರಾಬರ್ಟ್‌ಸನ್‌ಪೇಟೆಯ ಆ ಮನೆಯ ಯಜಮಾನರಿಗೆ ಹೆತ್ತವರು ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಷ್ಟೇ ಉಳಿದಿದೆ. ಊರಿಗೆಲ್ಲ ಅವರು ಬಾಂಡಣ್ಣ. ಬೆಮೆಲ್‌ನ ಲೆಕ್ಕಪತ್ರ ವಿಭಾಗದಿಂದ ಅವರೇನೋ ನಿವೃತ್ತರಾದರು, ಲೆಕ್ಕ ಅವರನ್ನು ಬಿಡಲಿಲ್ಲ. ಮಗ ಹಳೆಯ ಲ್ಯಾಪ್‌ಟಾಪಿಗೆ ಗ್ನೂಕ್ಯಾಶ್ ಎಂಬ ಲೆಕ್ಕದ ತಂತ್ರಾಂಶ ಹಾಕಿಕೊಟ್ಟದ್ದೇ ತಡ, ಹಾಲು, ಸೊಪ್ಪು, ತೆಂಗಿನಕಾಯಿಗೆಲ್ಲ ಖಾತೆ ಹುಟ್ಟಿದವು. ಬಂಗಾರಪೇಟೆಯಲ್ಲಿ ನಾವೆಲ್ಲ ಪಾನಿಪೂರಿಯ ಆ ತಿಳಿನೀರಿನಂಥ ಪಾನಿಯ ಖಾರಕ್ಕೆ ಮೂಗೊರೆಸಿಕೊಳ್ಳುತ್ತಿದ್ದರೆ, ಇವರು ಗಾಡಿಯವನು ಕೊನೆಗೆ ಕೊಟ್ಟ ಬಿಟ್ಟಿ ಪೂರಿಯನ್ನು ‘ಇತರೆ ಆದಾಯ’ಕ್ಕೆ ಜಮಾ ಮಾಡುತ್ತಾರೆ.

2015ರ ನವೆಂಬರ್‌ನಲ್ಲಿ ಸರ್ಕಾರ ಚಿನ್ನದ ಬಾಂಡಿನ ಮೊದಲ ಕಂತು ತಂದಾಗ ಗ್ರಾಂಗೆ 2,684 ರೂಪಾಯಿಯಂತೆ ಕೊಂಡರು.

“ರೀ, ಮೂರು ಕಿಲೋಮೀಟರ್ ಆಳದಿಂದ ಚಿನ್ನ ತೆಗೆದ ಊರಲ್ಲಿದ್ದುಕೊಂಡು ಕಾಗದ ತಂದಿದ್ದೀರಲ್ಲ!” ಎಂದರು ಮನೆಯಾಕೆ.

“ವರ್ಷಕ್ಕೆ ಶೇ. 2.75 ಬಡ್ಡಿ ಕಣೇ. ನಿನ್ನ ಸರ ಯಾವತ್ತಾದರೂ ಬಡ್ಡಿ ಕೊಟ್ಟಿದೆಯಾ?”

ಎಂಟು ವರ್ಷ ಕಳೆದು, 2023ರ ನವೆಂಬರ್ ಕೊನೆಗೆ ಗ್ರಾಂಗೆ 6,132 ರೂಪಾಯಿ ಕೈಗೆ ಬಂತು. ಆಕೆ ರೇಷ್ಮೆ ಸೀರೆಯುಟ್ಟು ಒಡವೆ ಅಂಗಡಿಗೆ ಹೊರಟು ನಿಂತರೆ, ಇವರು ‘ಬಂಡವಾಳ ಲಾಭ’ದ ಖಾತೆ ತೆರೆಯುತ್ತ ಕೂತಿದ್ದರು. “ತಾಳೇ, ಲಾಭಕ್ಕೆ ತೆರಿಗೆಯಿಲ್ಲ, ಬಡ್ಡಿಗಿದೆ. ಎರಡನ್ನೂ ಬೇರೆ ಮಾಡದೆ ಹೊಸ್ತಿಲು ದಾಟುವ ಹಾಗಿಲ್ಲ.” ಬೇರೆ ಮಾಡಿ ಮುಗಿಸುವಷ್ಟರಲ್ಲಿ ಅಂಗಡಿ ಬಾಗಿಲು ಹಾಕಿತ್ತು.

ಮಾರಿಕುಪ್ಪಂ ರೈಲಿನಲ್ಲಿ ದಿನಾ ಬೆಂಗಳೂರಿಗೆ ಹೋಗಿಬರುವ ಪಕ್ಕದ ಮನೆಯ ಹುಡುಗ ಒಮ್ಮೆ ಇವರ ಕೈಗೆ ಸಿಕ್ಕಿಬಿದ್ದ. ಶೇ. 7 ಬಡ್ಡಿಯ, 10,000 ರೂಪಾಯಿ ಮುಖಬೆಲೆಯ ಸರ್ಕಾರಿ ಬಾಂಡನ್ನು ಯಾರಿಂದಲೋ ಕೊಂಡಿದ್ದ. ಕೊಟ್ಟದ್ದು 10,175. ಬಾಂಡಿನ ಬೆಲೆಯೆಂದು ಅಷ್ಟನ್ನೂ ಬರೆದಿಟ್ಟಿದ್ದ.

“ಅಯ್ಯೋ ಪಾಪಿ!” ಎಂದರು ಬಾಂಡಣ್ಣ, ಹುಡುಗ ಹಾಲಿಗೆ ಹುಳಿ ಹಿಂಡಿದವನಂತೆ. “ಬಾಂಡಿನ ಬೆಲೆ 10,000 ಅಷ್ಟೇ. ಹಿಂದಿನ ಬಡ್ಡಿ ಕಂತಿನ ನಂತರ ಮಾರಿದವನು ಮೂರು ತಿಂಗಳು ಇಟ್ಟುಕೊಂಡಿದ್ದನಲ್ಲ, ಆ 175 ಅವನ ಬಡ್ಡಿ, ನೀನು ಮುಂಗಡ ಕೊಟ್ಟಿದ್ದೀಯ. ಅದನ್ನು ಬರಬೇಕಾದ ಬಡ್ಡಿ ಅಂತ ಬೇರೆ ಬರಿ. ಆರು ತಿಂಗಳ ಕಂತು 350 ಬಂದಾಗ ಅದರಲ್ಲಿ 175 ಈ ಬಾಕಿಗೆ ವಜಾ. ಉಳಿದ 175 ಮಾತ್ರ ನಿನ್ನ ಆದಾಯ.”

“ಒಟ್ಟು ದುಡ್ಡು ಅಷ್ಟೇ ತಾನೇ, ಅಂಕಲ್?”

“ಒಟ್ಟು ಅಷ್ಟೇ ಅಂತ ಸೊಸೆಯನ್ನು ಮಗಳ ಕಾಲಂಗೆ ಬರೆಯೋಕಾಗುತ್ತೇನಯ್ಯಾ?”

ಈ ಪಾಠ ಟೀ ಅಂಗಡಿಯಲ್ಲೂ ಮುಂದುವರಿಯಿತು. “ಸರ್ಕಾರಿ ಬಾಂಡಿನ ಬಡ್ಡಿ ಲೆಕ್ಕದಲ್ಲಿ ತಿಂಗಳೆಂದರೆ 30 ದಿನ, ವರ್ಷವೆಂದರೆ 360. ಫೆಬ್ರವರಿಗೂ 30!”

ಚಾಂಪಿಯನ್ ರೀಫ್ಸ್‌ನಲ್ಲಿ ದುಡಿದಿದ್ದ ಹಿರಿಯರೊಬ್ಬರು ಲೋಟ ಕೆಳಗಿಟ್ಟರು. “ಹಂಗಾದ್ರೆ ಸಾರ್, ನಮ್ಮ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಇನ್ನೆರಡು ದಿನದ ಕೂಲಿ ಎಲ್ಲಿ?”

ಅಂಗಡಿಯಲ್ಲಿದ್ದವರೆಲ್ಲ ಗೊಳ್ಳೆಂದರು. ಬಾಂಡಣ್ಣ ನಗಲಿಲ್ಲ. ಕನ್ನಡಕ ಏರಿಸಿಕೊಂಡು ಪೆನ್ನು ತೆಗೆದರು. “ದಿನಕ್ಕೆ ಎಷ್ಟಿತ್ತು ಹೇಳಿ. ಬಡ್ಡಿಯನ್ನು ಮಾತ್ರ ಬೇರೆ ಖಾತೆಗೆ ಹಾಕೋಣ.”